ಪಾಟೀಲ ಕಾಕಾ ಕಂಡಿದ್ದ ಡಬಗಳ್ಳಿ

ಮಾರ್ಚ್ ಒಂಬತ್ತು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಕಳೆದ ವರ್ಷದ ನನ್ನ ದಿನಚರಿಯಲ್ಲಿ ಆ ದಿನದ ಮೊದಲ ಸಾಲು ಹೀಗಿದೆ: ‘ಕಾಕು ಮೇಲೆ ಬಂದರು. ಕೈಯಲ್ಲಿ ಚುರುಮುರಿ ಸೂಸಲದ ತಾಟು. ಕೂತುಕೊಳ್ಳಲಿಲ್ಲ.’

ಆ ಪುಟವನ್ನು ಮತ್ತೆ ತೆಗೆಯುವಂತೆ ಮಾಡಿದ್ದು ಒಂದು ಕೈಗವಸು. ಕಳೆದ ವಾರ ಜರ್ಮನಿಯ ವಾಲ್‌ಡಾರ್ಫ್‌ನಲ್ಲಿ ಆಫೀಸಿನ ಎದುರು ಕಾರು ನಿಲ್ಲಿಸಿ, ಬಾಗಿಲಿನ ಖಾನೆಯಲ್ಲಿ ಗುರುತಿನ ಚೀಟಿಗಾಗಿ ಕೈ ಆಡಿಸಿದೆ. ತಳದಲ್ಲಿ ಬಿದ್ದಿದ್ದ ತೋಟದ ಕೈಗವಸು ಬೆರಳಿಗೆ ತಗುಲಿತು. ಮೊದಲು ಏನೂ ಅನ್ನಿಸಲಿಲ್ಲ. ಕಂಪ್ಯೂಟರ್ ಮುಂದೆ ಕೂತು ಮೊದಲ ಅಕ್ಷರ ಒತ್ತಿದಾಗ ಚುಚ್ಚಿತು. ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳು, ನಮ್ಮ ಕಡೆಯ ಜೋಳದ ಸುಂಕಿನ ಹಾಗೆ. ಸೆಪ್ಟೆಂಬರಿನಲ್ಲಿ ಕೈಗವಸಿಗೆ ಅಂಟಿದ ಮುಳ್ಳು ಏಪ್ರಿಲ್‌ವರೆಗೂ ಅಲ್ಲೇ ಕಾದಿತ್ತು. ಆ ದಿನ ಸಂಜೆಯವರೆಗೆ ‘ಅ’ ಒತ್ತಿದಾಗಲೆಲ್ಲ ನನಗೆ ಪಾಟೀಲ ಕಾಕಾ ನೆನಪಾದರು.

ನಾನು ಬಾಗಲಕೋಟೆಯವಳು. ನನ್ನ ಕೆಲಸ ಸಾಫ್ಟ್‌ವೇರ್ ಪರೀಕ್ಷಿಸುವುದು, ಅಂದರೆ ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕಿ, ದಿನಾಂಕ ಹಾಕಿ, ದಾಖಲಿಸುವುದು. ಮೂರು ವರ್ಷ ಹೈಡೆಲ್‌ಬರ್ಗ್‌ನಲ್ಲಿ ಡಾಕ್ಟರ್ ಪಾಟೀಲರ ಮನೆಯ ಮೇಲಿನ ಅಂತಸ್ತಿನ ಬಾಡಿಗೆದಾರಳಾಗಿದ್ದೆ. ಕಾಕಾ ವಿಜಯಪುರದವರು. ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಗೆ ಅರಿವಳಿಕೆ ಕೊಡುವ ವೈದ್ಯರಾಗಿ ಈ ದೇಶದಲ್ಲಿ ನಲವತ್ತಕ್ಕೂ ಹೆಚ್ಚು ವರ್ಷ ಕಳೆದವರು. ಅವರ ಹೆಂಡತಿ ಶಾಂತಾ ಕಾಕು ಇಂಡಿ ತಾಲೂಕಿನವರು, ನಿಂಬೆ ತೋಟದ ಮನೆಯ ಮಗಳು. ಒಬ್ಬಳೇ ಮಗಳು ಅನಿತಾ ಹ್ಯಾಂಬರ್ಗ್‌ನಲ್ಲಿದ್ದಾಳೆ. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ಜರ್ಮನ್‌ನಲ್ಲಿ ಉತ್ತರ ಕೊಡುತ್ತಾಳೆ.

ಆ ಭಾನುವಾರ ಕಾಕು ಬಾಗಿಲಲ್ಲೇ ನಿಂತು ಹೇಳಿದ್ದನ್ನು ನಾನು ಹಾಗೇ ಬರೆದುಕೊಂಡಿದ್ದೇನೆ.

“ಪಲ್ಲವಿ, ನಿನಗ ಹುಡುಕೂದು ಬರತೈತಿ. ಮಂದಿ ತಪ್ಪು ಹುಡುಕಿ ಪಗಾರಾ ತಗೋತಿ. ಈ ಮನಶ್ಯಾ ನೋಡೀನಿ ಅನ್ನೂ ಕಳ್ಳಿ ಎಲ್ಲೈತಿ ಅಂತ ನನಗ ಹುಡುಕಿ ಕೊಡು.”

ಎರಡು ದಿನದ ಹಿಂದೆ, ಶುಕ್ರವಾರ, ಅವರಿಬ್ಬರೂ ನರರೋಗ ತಜ್ಞೆಯ ಹತ್ತಿರ ಹೋಗಿದ್ದರು. ಆ ಟರ್ಮಿನ್, ಅಂದರೆ ಭೇಟಿಯ ದಿನ, ಸಿಗಲು ಚಳಿಗಾಲವೆಲ್ಲ ಕಾದಿದ್ದರು. ಕಾಕಾ ಒಂದೇ ಮಾತನ್ನು ಅರ್ಧ ಗಂಟೆಯಲ್ಲಿ ಎರಡು ಸಲ ಹೇಳುತ್ತಿದ್ದರು. ಬಸ್ ಚೀಟಿ ಫ್ರಿಜ್ಜಿನಲ್ಲಿ ಸಿಕ್ಕಿತ್ತು. ಅಲ್ಲಿ ಡಾಕ್ಟರು ಚಿತ್ರ ತೋರಿಸಿ, ಗಡಿಯಾರ ಬರೆಸಿ, ಕೊನೆಗೆ ಈ ದೇಶದಲ್ಲಿ ನಿಮ್ಮ ಮೊದಲ ವರ್ಷದ ಒಂದು ನೆನಪು ಹೇಳಿ ಎಂದರಂತೆ. ಕಾಕಾ ಹೇಳಿದ್ದು ಪಾಪಾಸುಕಳ್ಳಿಯ ಕಥೆ: ಒಂದು ಭಾನುವಾರ ಒಬ್ಬನೇ ನದಿಯ ಮೇಲಿನ ಗುಡ್ಡ ಹತ್ತಿದೆ, ಅಲ್ಲಿ ಡಬಗಳ್ಳಿ ಇತ್ತು, ನಮ್ಮೂರಿನದರ ಹಾಗೆಯೇ ಎಲೆ ಮೇಲೆ ಎಲೆ. ಡಾಕ್ಟರು ಕಾಕುವಿನ ಕಡೆ ತಿರುಗಿ, ಇದು ನಿಜವೇ ಎಂದು ಕೇಳಿದರು. ಕಾಕುವಿಗೆ ಹೌದು ಎನ್ನಲಾಗಲಿಲ್ಲ. ಇಲ್ಲ ಎನ್ನಲೂ ಆಗಲಿಲ್ಲ. ಡಾಕ್ಟರು ಏನೋ ಗುರುತು ಮಾಡಿಕೊಂಡರು.

ಆ ಗುರುತು ಕಾಕುವನ್ನು ಎರಡು ರಾತ್ರಿ ನಿದ್ದೆಗೆಡಿಸಿತ್ತು. ಏಕೆಂದರೆ ಆ ಕಥೆಯನ್ನು ಸುಳ್ಳು ಎಂದು ನಲವತ್ತು ವರ್ಷ ಹೇಳಿಕೊಂಡು ಬಂದವರು ಸ್ವತಃ ಕಾಕು.

ಕಳ್ಳಿಯ ಕಥೆ ಆ ಮನೆಗೆ ಬಂದವರಿಗೆಲ್ಲ ಗೊತ್ತು. ಕಾಕಾ ರಜೆಗೆ ಊರಿಗೆ ಹೋದಾಗ ಇಂಡಿಯಲ್ಲಿ ಹೆಣ್ಣು ನೋಡುವ ಶಾಸ್ತ್ರ. ಕಾಕುವಿನ ತಂದೆಗೆ ಒಂದೇ ಚಿಂತೆ, ಆ ದೇಶದ ಚಳಿ. ಮಗಳಿಗೆ ಜನವರಿಯ ಗಾಳಿಗೇ ಕೆಮ್ಮು ಹತ್ತುತ್ತಿತ್ತು. ನಿಮ್ಮ ದೇಶದಾಗ ಏನೇನು ಬೆಳಿತಾರ್ರಿ ಎಂದು ಕೇಳಿದರಂತೆ. ಕಾಕಾ ದ್ರಾಕ್ಷಿ, ಬಟಾಟಿ ಎಲ್ಲ ಹೇಳಿ, ಒಂದು ಗುಡ್ಡದ ಮ್ಯಾಲ ಡಬಗಳ್ಳೀನೂ ನೋಡೀನ್ರಿ ಎಂದರು. ಮಾವ ಎದ್ದು ನಿಂತರಂತೆ. ಡಬಗಳ್ಳಿ ಬೆಳೆಯುವ ನೆಲ ಎಂದಮೇಲೆ ಅಲ್ಲಿ ಬಿಸಿಲಿದೆ, ನಮ್ಮ ಹುಡುಗಿ ಬದುಕುತ್ತಾಳೆ, ಎಂದು ಅಲ್ಲೇ ಸಕ್ಕರೆ ಹಂಚಿದರು. ನಮ್ಮ ಕಡೆಯ ಯಾರೇ ಆಗಿದ್ದರೂ ಅದನ್ನೇ ಮಾಡುತ್ತಿದ್ದರು. ಕಳ್ಳಿ ಎಂದರೆ ಬಿಸಿಲು, ಅದಕ್ಕೆ ಬೇರೆ ಪುರಾವೆ ಏಕೆ ಬೇಕು.

ಕಾಕು ಡಿಸೆಂಬರಿನಲ್ಲಿ ಫ್ರಾಂಕ್‌ಫರ್ಟ್‌ಗೆ ಬಂದು ಇಳಿದರು. ಕಾಲಲ್ಲಿ ಚಪ್ಪಲಿ, ಮೈಮೇಲೆ ಇಳಕಲ್ ಸೀರೆ, ಅದರ ಮೇಲೆ ತವರಿನಲ್ಲಿ ಹೆಣೆದ ಒಂದು ತೆಳುವಾದ ಸ್ವೆಟರ್. ಅಲ್ಲಿಂದ ಮುಂದಿನ ಪ್ರತಿ ಚಳಿಗಾಲದಲ್ಲೂ ಮೊದಲ ಹಿಮ ಬಿದ್ದ ದಿನ ಅವರು ಕಿಟಕಿ ಹತ್ತಿರ ನಿಂತು, “ಏನ್ರಿ, ನಿಮ್ಮ ಕಳ್ಳಿ ಒಣಗಿರಬೇಕು, ನೀರ ಹಾಕಿ ಬರ್ರಿ” ಎನ್ನುತ್ತಿದ್ದರು. ಕಾಕಾ, “ಹಾಕಿ ಬಂದೀನಿ” ಎನ್ನುತ್ತಿದ್ದರು. ನಾನಿದ್ದ ಮೊದಲ ಎರಡು ಚಳಿಗಾಲದಲ್ಲೂ ಇದು ತಪ್ಪಲಿಲ್ಲ.

ಈಗ ಕಾಕುವಿಗೆ ಆ ಕಳ್ಳಿ ನಿಜವಾಗಿ ಬೇಕಾಗಿತ್ತು. ಕಳ್ಳಿ ಇದ್ದರೆ ಗಂಡನ ಹಳೆಯ ನೆನಪುಗಳಾದರೂ ಗಟ್ಟಿಯಾಗಿವೆ ಎಂದಾಯಿತು. ಇಲ್ಲದಿದ್ದರೆ ಅವರು ಹೇಳುವ ಯಾವುದನ್ನು ನಂಬುವುದು? ಅನಿತಾ ಫೋನಿನಲ್ಲಿ, ಪಪ್ಪಾ ಅದು ನೀವು ಕಂಡ ಕನಸು, ಎಂದು ಮೃದುವಾಗಿಯೇ ಹೇಳಿದ್ದಳಂತೆ. ಆ ಮೃದು ದನಿಯನ್ನೇ ಕಾಕುವಿಗೆ ತಡೆಯಲಾಗಿರಲಿಲ್ಲ.

ನಾನು ನನಗೆ ಬರುವ ರೀತಿಯಲ್ಲಿ ಶುರು ಮಾಡಿದೆ. ಮೊದಲು ಓದಿಕೊಂಡೆ. ಉತ್ತರ ಅಮೆರಿಕದ ಬೆಟ್ಟಗಳ ಕೆಲವು ಜಾತಿಯ ಡಬಗಳ್ಳಿಗಳು ಹಿಮವನ್ನೂ ತಾಳುತ್ತವೆ. ತೋಟದ ಅಲಂಕಾರಕ್ಕೆಂದು ಬಂದ ಅವು ಇಲ್ಲಿನ ನದಿ ಕಣಿವೆಗಳಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಒಣ ಗುಡ್ಡಗಳಿಗೆ ತಪ್ಪಿಸಿಕೊಂಡು ಹೋಗಿ ಅಲ್ಲಲ್ಲಿ ಬೇರು ಬಿಟ್ಟಿವೆ. ಯುಕ್ಕಾ ಗಿಡಗಳೂ ಹಾಗೇ. ಅಂದರೆ ಕಾಕಾ ಹೇಳಿದ್ದು ಸಾಧ್ಯ. ಅಷ್ಟು ಗೊತ್ತಾದ ದಿನ ಕೆಳಗೆ ಓಡಿ ಹೋಗಿ ಕಾಕುವಿಗೆ ಹೇಳಿದೆ. ಅವರು ಒಗ್ಗರಣೆ ಸೌಟು ಕೆಳಗಿಟ್ಟು, “ಸಾಧ್ಯ ಅಂತ ಡಾಕ್ಟರಗ ಹೇಳಾಕ ಬರೂದಿಲ್ಲ” ಎಂದರು.

ಆಮೇಲೆ ಒಂದು ಪಟ್ಟಿ ಹಾಕಿದೆ. ಕಂಡ ಗಿಡಗಳಿಗೆ ಮೂರು ಕಲಂ: ನೆಟ್ಟದ್ದು, ತಪ್ಪಿಸಿಕೊಂಡದ್ದು, ತಾನೇ ಹುಟ್ಟಿದ್ದು. ಕಾಕಾ ಹೇಳಿದ ಗುರುತುಗಳಿಗೆ ಬೇರೆ ಪುಟ. ನದಿ, ಕೆಂಪು ಬಂಡೆ, ಕೆಳಗೆ ರೈಲು ಹಳಿ. ಈ ಮೂರು ಎಂದೂ ಬದಲಾಗಲಿಲ್ಲ. ಬದಲಾಗುತ್ತಿದ್ದುದು ನದಿಯ ಹೆಸರು. ಒಂದು ದಿನ ನೆಕ್ಕರ್, ಮರುದಿನ ಮೊಸೆಲ್, ಒಮ್ಮೆ ಕೃಷ್ಣಾ ಎಂದೂ ಹೇಳಿ ತಾವೇ ನಕ್ಕರು.

ತಿಂಗಳಿಗೆ ಎರಡು ಭಾನುವಾರ ಎಂದು ಗೊತ್ತು ಮಾಡಿದೆವು. ಕಾಕಾ ಮುಂದಿನ ಸೀಟಿನಲ್ಲಿ, ಕಾಕು ಹಿಂದೆ ಬುತ್ತಿಯ ಪಕ್ಕ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಫ್ಲಾಸ್ಕಿನಲ್ಲಿ ಚಹಾ. ಮೊದಲ ಸಲ ದೂರ ಹೋಗಲಿಲ್ಲ. ವಾಲ್‌ಡಾರ್ಫ್ ಪಕ್ಕದ ಪೈನ್ ಕಾಡಿನಲ್ಲಿ ಹಳೆಯ ಮರಳು ದಿಬ್ಬಗಳಿವೆ. ಅಲ್ಲಿ ಕಾಡಿನ ಅಂಚಿಗೆ ಯಾರೋ ಸುರಿದ ತೋಟದ ಕಸದಿಂದ ನಾಲ್ಕು ಯುಕ್ಕಾ ಎದ್ದು ನಿಂತಿದ್ದವು, ಕತ್ತಿಯಂಥ ಎಲೆ, ಅಂಚಿಗೆ ಬಿಳಿ ದಾರ. ನಾನು ‘ತಪ್ಪಿಸಿಕೊಂಡದ್ದು’ ಕಲಮಿನಲ್ಲಿ ನಾಲ್ಕು ಎಂದು ಬರೆದೆ. ಕಾಕಾ ಬಗ್ಗಿ ನೋಡಿ, “ಇವು ನಮ್ಮ ಕತ್ತಾಳಿಯ ಕಾಕನ ಮಕ್ಕಳು” ಎಂದರು. ನಿಜವಾದ ಕತ್ತಾಳೆ ನಮಗೆ ಸಿಕ್ಕಿದ್ದು ಒಂದೇ ಕಡೆ, ಇಟಾಲಿಯನ್ ಐಸ್‌ಕ್ರೀಂ ಅಂಗಡಿಯ ಮುಂದೆ ದೊಡ್ಡ ಕುಂಡದಲ್ಲಿ. ಅಕ್ಟೋಬರ್ ಬಂದರೆ ಅದನ್ನು ಒಳಗೆ ಒಯ್ಯುತ್ತಾರೆ ಎಂದು ಅಂಗಡಿಯವನು ಹೇಳಿದ. “ಇದಕ್ಕ ಬ್ಯಾಸಗಿ ವೀಸಾ ಅಷ್ಟ” ಎಂದರು ಕಾಕಾ. ಆ ತಿಂಗಳು ನನ್ನ ಸ್ವಂತ ವೀಸಾ ನವೀಕರಣದ ಕಾಗದ ಮೂರನೇ ಸಲ ವಾಪಸ್ ಬಂದಿತ್ತು. ನಾನು ಅವರಷ್ಟು ನಗಲಿಲ್ಲ.

ಏಪ್ರಿಲ್ ಪೂರ್ತಿ ನೆಕ್ಕರ್ ದಂಡೆ. ಕೆಂಪು ಕಲ್ಲಿನ ಗುಡ್ಡಗಳಿದ್ದವು, ರೈಲಿತ್ತು, ಕಳ್ಳಿ ಇರಲಿಲ್ಲ. ಒಂದು ಬಾಲ್ಕನಿಯಲ್ಲಿ ಡಬ್ಬಿಯಲ್ಲಿ ಬೆಳೆಸಿದ ಎರಡು ಕಂಡವು. ಎಣಿಸಲಿಲ್ಲ. ಮೇ ತಿಂಗಳಲ್ಲಿ ಬಿಸಿಲು ಏರಿತು. ದ್ರಾಕ್ಷಿ ತೋಟಗಳ ಮೇಲಿನ ಬಂಡೆಗಳು ಮಧ್ಯಾಹ್ನ ಎರಡರ ಹೊತ್ತಿಗೆ ಕೈ ಇಡಲಾಗದಷ್ಟು ಕಾದಿರುತ್ತಿದ್ದವು. ಹಲ್ಲಿಗಳು ಓಡುತ್ತಿದ್ದವು, ಒಣ ಹುಲ್ಲಿನ ವಾಸನೆ ಬರುತ್ತಿತ್ತು. ಜರ್ಮನಿ ಎಂದರೆ ಮಳೆ ಮತ್ತು ಮೋಡ ಎಂದುಕೊಂಡಿದ್ದ ನನಗೆ, ಬಾಗಲಕೋಟೆಯ ಗುಡ್ಡದ ಹಾಗೆ ಕಾಯುವ ಇಳಿಜಾರು ಇಲ್ಲಿದೆ ಎಂದು ಗೊತ್ತಾದದ್ದೇ ಆಗ. ಕಾಕಾ ಟೋಪಿ ತೆಗೆದು ತಲೆ ಒರೆಸಿಕೊಂಡು, “ನೋಡು, ನಾ ಹೇಳಿದ್ದು ಏನು ಸುಳ್ಳ” ಎನ್ನುತ್ತಿದ್ದರು. ಹಿಂದಿನಿಂದ ಕಾಕು, “ಬಿಸಿಲು ಸಿಕ್ತು. ಕಳ್ಳಿ ಎಲ್ಲಿ?” ಎನ್ನುತ್ತಿದ್ದರು.

ಜೂನ್ ಹದಿನೈದರ ಭಾನುವಾರ ಸಿಕ್ಕಿತು. ರೈನ್ ನದಿಯ ಆಚೆ ಫಾಲ್ಟ್ಸ್ ಪ್ರಾಂತದಲ್ಲಿ, ಒಂದು ಹಳೆಯ ಕಲ್ಲು ಕ್ವಾರಿಯ ಮೇಲಿನ ಬಂಡೆಯಲ್ಲಿ. ದೂರದಿಂದ ಹಳದಿ ಬಟ್ಟೆ ಒಣಹಾಕಿದಂತೆ ಕಂಡಿತು. ಹತ್ತಿರ ಹೋದರೆ ಡಬಗಳ್ಳಿ, ಚಾಪೆಯಷ್ಟು ಅಗಲ ಹರಡಿ, ಮೈತುಂಬ ಹೂ. ಹೂವಿನೊಳಗೆ ಜೇನುನೊಣಗಳು ಧೂಳಿನಲ್ಲಿ ಹೊರಳುವ ನಾಯಿಮರಿಗಳಂತೆ ಹೊರಳುತ್ತಿದ್ದವು. ಅವಸರಕ್ಕೆ ಮೊದಲ ಮೂರು ಫೋಟೋ ಕೆಟ್ಟವು. ಹೂ ಎಣಿಸಿದೆ, ಮೂವತ್ತೆಂಟು. ಕಾಕು ಸೆರಗು ಬಾಯಿಗೆ ಹಿಡಿದು ನಿಂತುಬಿಟ್ಟರು. ತವರು ಬಿಟ್ಟಮೇಲೆ ನೆಲದಲ್ಲಿ ನಿಂತ ಡಬಗಳ್ಳಿ ನೋಡಿದ್ದು ಅದೇ ಮೊದಲು ಎಂದು ಆಮೇಲೆ ಹೇಳಿದರು. ಇಂಡಿಗೆ ಹೋದಾಗಲೆಲ್ಲ ನೋಡಿರಬೇಕಲ್ಲ ಎಂದೆ. ತೋಟದ ಸುತ್ತ ಅಣ್ಣಂದಿರು ತಂತಿ ಬೇಲಿ ಹಾಕಿಸಿ ಎಷ್ಟೋ ವರ್ಷವಾಯಿತಂತೆ.

ಕಾಕಾ ಕಳ್ಳಿಯನ್ನು ಸುತ್ತು ಹಾಕಿ ನೋಡಿದರು. ಆಮೇಲೆ ಕೆಳಗಿನ ಬಯಲು ನೋಡಿದರು. “ಇದಲ್ಲ” ಎಂದರು.

ಕಾಕು ನನ್ನನ್ನು ಪಕ್ಕಕ್ಕೆ ಎಳೆದರು. ಇದೇ ಅಂತ ಹೇಳಿಬಿಡೋಣ, ಡಾಕ್ಟರಿಗೆ ಫೋಟೋ ತೋರಿಸಿದರಾಯಿತು, ಯಾರು ಬಂದು ಅಳೆಯುತ್ತಾರೆ, ಎಂದು ಪಿಸುಗುಟ್ಟಿದರು. ನನಗೂ ಅದು ಸರಿ ಎನ್ನಿಸಿತು. ನಾನೇ ಹೋಗಿ, ಕಾಕಾ, ಇಷ್ಟು ವರ್ಷ ಆಗೈತಿ, ಇದೇ ಇರಬಹುದಲ್ಲ ಎಂದೆ. ಅವರಿಗೆ ಸಿಟ್ಟು ಬರಲಿಲ್ಲ. ರೋಗಿಗೆ ಸೂಜಿ ಚುಚ್ಚುವ ಮುಂಚೆ ಮಾತಾಡಿಸುವಂಥ ಒಂದು ದನಿ ಅವರಿಗಿತ್ತು.

“ಇಲ್ಲಿ ನದಿ ಇಲ್ಲ ತಂಗಿ. ಮತ್ತ ಇದು ತನ್ನ ಪಾಡಿಗೆ ಹರವಿಕೊಂಡು ಬಿದ್ದೈತಿ. ನಾ ನೋಡಿದ್ದು ಸಾಲು ಹಿಡದು ನಿಂತಿತ್ತು.”

ಸಾಲು ಎಂಬ ಮಾತು ಅವರು ಹೇಳಿದ್ದು ಆವತ್ತೇ ಮೊದಲು. ನಾನು ಬರೆದುಕೊಂಡೆ, ಆದರೆ ಅದರ ಬೆಲೆ ನನಗೆ ತಿಳಿಯಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಕಾಕು, ತಲೆ ಕೆಟ್ಟವರು ಹಿಂಗ ‘ಇದಲ್ಲ’ ಅಂತಾರೇನು, ಎಂದು ನನ್ನನ್ನು ಕೇಳಿದರು. ಅವರ ಮುಖದಲ್ಲಿ ಮಾರ್ಚ್‌ನಿಂದ ಇಲ್ಲದಿದ್ದ ಒಂದು ಕಳೆ ಬಂದಿತ್ತು.

ಅದು ಬಹಳ ದಿನ ಉಳಿಯಲಿಲ್ಲ. ಆಗಸ್ಟ್‌ನಲ್ಲಿ ಕಾಕಾ ಬ್ರೆಡ್ ತರಲು ಬೇಕರಿಗೆ ಹೋದವರು ವಾಪಸ್ ಬರಲಿಲ್ಲ. ಇಪ್ಪತ್ತು ವರ್ಷದಿಂದ ಹೋಗುತ್ತಿದ್ದ ಬೇಕರಿ, ಮನೆಯಿಂದ ಎರಡು ತಿರುವು. ಟ್ರಾಮಿನ ಕೊನೆಯ ನಿಲ್ದಾಣದ ಬೆಂಚಿನ ಮೇಲೆ ಬ್ರೆಡ್ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ಹತ್ತಿರ ಹೋದಾಗ, ನೀ ಯಾವಾಗ ಬಂದಿ ಊರಿಂದ, ಎಂದು ಕೇಳಿದರು. ಅನಿತಾ ಮರುದಿನವೇ ಬಂದಳು. ಹ್ಯಾಂಬರ್ಗ್‌ನಲ್ಲಿ ತನ್ನ ಮನೆಯ ಕೆಳಗಿನ ಫ್ಲ್ಯಾಟ್ ಖಾಲಿಯಾಗುತ್ತದೆ, ವಸಂತಕಾಲಕ್ಕೆ ಇಬ್ಬರೂ ಅಲ್ಲಿಗೆ ಬನ್ನಿ ಎಂದಳು. ಜರ್ಮನ್‌ನಲ್ಲಿ ಹೇಳಿದಳು, ಕಾಕು ಕನ್ನಡದಲ್ಲಿ ಹೂಂ ಎಂದರು. ನಾನು ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದೆ. ಆ ತಿಂಗಳ ಭಾನುವಾರಗಳ ಮುಂದೆ ನನ್ನ ದಿನಚರಿಯಲ್ಲಿ ಏನೂ ಇಲ್ಲ.

ಸೆಪ್ಟೆಂಬರ್ ಏಳು, ಸಂಜೆ. ಕೆಳಗೆ ಅಡುಗೆಮನೆಯಲ್ಲಿ ಕಾಕು ತುರ್ಕಿ ಅಂಗಡಿಯ ಬೀನ್ಸಿನ ನಾರು ತೆಗೆಯುತ್ತಿದ್ದರು. ನಾನು ಎದುರಿಗೆ ಕೂತು, ಹುಡುಕಾಟ ಇಲ್ಲಿಗೆ ಮುಗಿಸುವುದಾದರೆ ಲೆಕ್ಕ ಹೀಗಿದೆ ಎಂದು ಓದುತ್ತಿದ್ದೆ. ನೋಡಿದ ಗುಡ್ಡ ಹನ್ನೊಂದು. ಕಳ್ಳಿ ಸಿಕ್ಕ ಜಾಗ ಒಂದು. ಕಾಕಾ ಹೇಳಿದ ಗುರುತು: ನದಿ, ಕೆಂಪು ಬಂಡೆ, ಹಳಿ, ಸಾಲು.

“ಏನಂದಿ?” ಎಂದರು ಕಾಕು.

ಸಾಲು ಎಂದು ಮತ್ತೆ ಓದಿದೆ. ಅವರು ಚಾಕು ಕೆಳಗಿಟ್ಟರು.

“ಜೂನದಾಗ ಬರಕೊಂಡಾಕಿ ಈಗ ಓದ್ತಿ? ನಾವು ಹುಚ್ಚರಂಗ ಬಂಡೆಗಲ್ಲ ಮ್ಯಾಲ ನೋಡಾಕತ್ತೀವಿ. ಇವ್ರು ವಿಜಾಪುರ ಪ್ಯಾಟ್ಯಾಗ ಹುಟ್ಟಿದವ್ರು, ಕಳ್ಳಿ ಅಂದ್ರ ಕಲ್ಲಾಗ ಬರತೈತಿ ಅಂದ್ಕೊಂಡಾರ. ಡಬಗಳ್ಳಿ ಸಾಲ ಹಿಡದು ನಿಂತಿತ್ತು ಅಂದ್ರ ಅಲ್ಲಿ ಯಾರದೋ ಹೊಲದ ಬದು ಇತ್ತು. ಕಳ್ಳಿ ಹುಡುಕಬ್ಯಾಡ. ಬದು ಹುಡುಕು.”

ಅವರ ತಂದೆಯ ನಿಂಬೆ ತೋಟಕ್ಕೆ ನಾಲ್ಕು ಕಡೆಯೂ ಕಳ್ಳಿಯೇ ಬೇಲಿಯಾಗಿತ್ತು. ದೂರದಿಂದ ಕಳ್ಳಿಯ ಗೆರೆ ನೋಡಿ ಯಾರ ಹೊಲ ಎಲ್ಲಿ ಮುಗಿಯಿತು ಎಂದು ಹೇಳುತ್ತಿದ್ದರಂತೆ. ನಾನೂ ಬಾಗಲಕೋಟೆಯವಳೇ. ಬಸ್ಸಿನ ಕಿಟಕಿಯಿಂದ ಅಂಥ ಬದುಗಳನ್ನು ಸಾವಿರ ಸಲ ನೋಡಿದ್ದೇನೆ. ಆದರೆ ಇಲ್ಲಿಗೆ ಬಂದು, ಓದಿ, ಕಳ್ಳಿ ಎಂದರೆ ಬಂಡೆ, ಬಂಡೆ ಎಂದರೆ ಕಾಡು ಎಂದು ತೀರ್ಮಾನಿಸಿಬಿಟ್ಟಿದ್ದೆ.

ಆ ರಾತ್ರಿ ಊಟದ ಹೊತ್ತಿಗೆ ಕಾಕು ಇನ್ನೊಂದು ವಿಷಯ ಹೊರಗೆ ತೆಗೆದರು. ಹೈಡೆಲ್‌ಬರ್ಗ್‌ಗೆ ಬರುವ ಮುಂಚೆ ಕಾಕಾ ನಾಲ್ಕು ತಿಂಗಳು ಬೇರೆ ಯಾವುದೋ ಸಣ್ಣ ಆಸ್ಪತ್ರೆಯಲ್ಲಿದ್ದರು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಎಲ್ಲಿ ಎಂದು ಕೇಳಿದರೆ ಕಾಕಾ ಗೊಂದಲಗೊಳ್ಳುತ್ತಿದ್ದರು. ಕಾಕು ಬೇರೆ ರೀತಿ ಕೇಳಿದರು. ರೈಲು ಹೋದಾಗ ಆಪರೇಷನ್ ಕೋಣೆಯ ತಟ್ಟೆಯಲ್ಲಿ ಚಾಕು ಕತ್ತರಿ ನಡುಗುತ್ತಿದ್ದವು ಅಂತಿದ್ದಿರಲ್ಲ, ಅದು ಯಾವ ರೈಲು? ಕಾಕಾ ತಡೆಯಿಲ್ಲದೆ ಹೇಳಿದರು: ಕೆಂಪು ಡಬ್ಬಿಯ ಸಣ್ಣ ರೈಲು, ಎಡಕ್ಕೆ ಹೋದರೆ ಸುರಂಗ, ಬಲಕ್ಕೆ ಹೋದರೆ ಉಪ್ಪು ನೀರಿನ ಸ್ನಾನದ ಊರು. ನಾನು ನಕ್ಷೆ ಹರಡಿದೆ. ಉಪ್ಪು ನೀರಿನ ಸ್ನಾನದ ಊರು, ಪಕ್ಕದಲ್ಲಿ ಕೆಂಪು ಬಂಡೆ, ಕೆಳಗೆ ರೈಲು. ಇವೆಲ್ಲ ಕೂಡಿದ್ದು ನಾಹೆ ಎಂಬ ನದಿಯ ಮೇಲೆ. ಅದರ ಹೆಸರು ಕಾಕಾ ಒಮ್ಮೆಯೂ ಹೇಳಿರಲಿಲ್ಲ. ಹಳೆಯ ನಕ್ಷೆಯಲ್ಲಿ ದ್ರಾಕ್ಷಿ ತೋಟ ಎಂದಿದ್ದು ಹೊಸದರಲ್ಲಿ ಪೊದೆ ಎಂದಿರುವ ಇಳಿಜಾರುಗಳನ್ನು ಗುರುತು ಮಾಡಿದೆ. ಮೂರೇ ಇದ್ದವು.

ಸೆಪ್ಟೆಂಬರ್ ಇಪ್ಪತ್ತೊಂದು, ಎರಡನೇ ಇಳಿಜಾರು. ಕೆಳಗೆ ಕಾರು ನಿಲ್ಲಿಸಿದೆವು. ಹಳಿ ದಾಟಿ ದ್ರಾಕ್ಷಿ ತೋಟದ ನಡುವಿನ ಕಾಲುದಾರಿ. ಅಲ್ಲಿಯವರೆಗೆ ನನ್ನ ತೋಳು ಹಿಡಿದು ನಡೆಯುತ್ತಿದ್ದ ಕಾಕಾ ಒಂದು ತಿರುವಿನಲ್ಲಿ ತೋಳು ಬಿಟ್ಟರು. ನನ್ನ ಕೈಯಲ್ಲಿದ್ದ ನಕ್ಷೆ ನೇರ ಹೋಗಿ ಎನ್ನುತ್ತಿತ್ತು. ಅವರು ಬಲಕ್ಕೆ, ಪೊದೆಯೊಳಗೆ ಮುಚ್ಚಿಹೋದ ಕಲ್ಲಿನ ಮೆಟ್ಟಿಲುಗಳನ್ನು ಹತ್ತಿದರು. ಹೆಜ್ಜೆ ಸಣ್ಣದು, ಆದರೆ ಎಲ್ಲೂ ನಿಲ್ಲಲಿಲ್ಲ. ಹಿಂದಿನಿಂದ ಕಾಕು, “ಏನ್ರಿ, ಸಾವಕಾಶ” ಎನ್ನುತ್ತಲೇ ಇದ್ದರು. ಮೇಲೆ ಸಿಮೆಂಟಿಲ್ಲದೆ ಜೋಡಿಸಿದ ಒಂದು ಹಳೆಯ ಕಲ್ಲುಗೋಡೆ. ಕಾಕಾ ಅದರ ಮೇಲೆ ಅಂಗೈ ಇಟ್ಟು ನಿಂತರು.

ಗೋಡೆಯ ಬುಡಕ್ಕೆ ಡಬಗಳ್ಳಿ ಸಾಲು ಹಿಡಿದು ನಿಂತಿತ್ತು. ಏಳು ಬುಡ. ಅಂಚಿನ ತುಂಬ ಕೆಂಪು ಹಣ್ಣು. ಅವುಗಳಿಂದ ಉರುಳಿದ ತುಂಡುಗಳು, ಬಿದ್ದ ಬೀಜಗಳು ಕೆಳಗಿನ ಬಂಡೆಯ ಸಂದುಗಳಲ್ಲೆಲ್ಲ ಬೇರು ಬಿಟ್ಟಿದ್ದವು. ಎಲ್ಲವನ್ನೂ ಎಣಿಸಲು ನನಗೆ ಸಾಧ್ಯವಾಗಲಿಲ್ಲ. ಕೆಳಗೆ ಹಳಿ, ಅದರಾಚೆ ನದಿ, ಎದುರಿಗೆ ಕೆಂಪು ಬಂಡೆ. ಒಂದು ರೈಲು ಹೋಯಿತು. ಆಮೇಲೆ ಕಾಕು ಕರವಸ್ತ್ರದಲ್ಲಿ ಒಂದು ಹಣ್ಣು ಹಿಡಿದು ಕಿತ್ತು, ಗೋಡೆಯ ಕಲ್ಲಿಗೆ ತಿಕ್ಕಿ ತಿಕ್ಕಿ ಸುಂಕು ತೆಗೆದು, ಬಿಡಿಸಿ ಬಾಯಿಗೆ ಹಾಕಿಕೊಂಡರು. “ಸಪ್ಪಗ ಐತಿ” ಎಂದರು. ಇನ್ನೊಂದನ್ನೂ ಕಿತ್ತರು.

ಪಕ್ಕದ ತೋಟದಲ್ಲಿ ದ್ರಾಕ್ಷಿ ಕೊಯ್ಯುತ್ತಿದ್ದ ಹೆಂಗಸೊಬ್ಬರು ಕತ್ತರಿ ಹಿಡಿದುಕೊಂಡೇ ಬಂದರು. ಬೈಯುತ್ತಾರೆ ಎಂದುಕೊಂಡೆ. ಸೀರೆ ಉಟ್ಟ ಹೆಂಗಸು ಕಳ್ಳಿ ಹಣ್ಣು ತಿನ್ನುವುದನ್ನು ನೋಡಲು ಬಂದಿದ್ದರು ಅಷ್ಟೇ. ಕಾಕು ಅವರಿಗೂ ಒಂದು ಬಿಡಿಸಿಕೊಟ್ಟರು. ತಾನು ಈ ಊರಿಗೆ ಸೊಸೆಯಾಗಿ ಬಂದು ಐವತ್ತು ವರ್ಷವಾಯಿತು, ಆಗಲೇ ಇದು ಇಷ್ಟು ದೊಡ್ಡದಿತ್ತು, ಆದರೆ ಇದನ್ನು ತಿನ್ನಬಹುದು ಎಂದು ಯಾರೂ ಹೇಳಿರಲಿಲ್ಲ, ಎಂದರು ಆಕೆ. ಯಾರು ನೆಟ್ಟರು ಎಂದು ಅತ್ತೆಗೂ ಗೊತ್ತಿರಲಿಲ್ಲವಂತೆ. ಈ ತುಂಡು ಜಮೀನಿನ ಮನೆತನ ಯಾವತ್ತೋ ಊರು ಬಿಟ್ಟಿದೆ. ಹೋಗುವ ಮುಂಚೆ ಇನ್ನೊಂದು ಮಾತು ಸೇರಿಸಿದರು. ಚಳಿಗಾಲದಲ್ಲಿ ನೋಡಬೇಕು ನೀವು, ಹಿಮದ ಕೆಳಗೆ ಸತ್ತ ಹಾಗೆ ಮಲಗಿರುತ್ತದೆ.

ಕಾಕು ಹಣ್ಣು ಅಗಿಯುವುದನ್ನು ನಿಲ್ಲಿಸಿದರು. ಮಾವನ ಮುಂದೆ ಕೂತು ಕಾಕಾ ಹೇಳಿದ ಆ ಮಾತನ್ನು ಅವರು ನಲವತ್ತು ವರ್ಷ ಎಲ್ಲ ಕಡೆಯಿಂದ ಅನುಮಾನಿಸಿದ್ದರು, ಒಂದು ಕಡೆಯಿಂದ ಮಾತ್ರ ಅನುಮಾನಿಸಿರಲಿಲ್ಲ.

“ಏನ್ರಿ, ನೀವು ಇದನ್ನ ಯಾವ ತಿಂಗಳದಾಗ ನೋಡಿದ್ರಿ?”

“ಫೆಬ್ರುವರಿ” ಎಂದರು ಕಾಕಾ. “ಮೊಣಕಾಲ ಮಟ ಹಿಮಾ ಇತ್ತು. ಗ್ವಾಡಿ ಬುಡಕ್ಕ ಗಾಳಿಗೆ ಸ್ವಲ್ಪ ಸರದಿತ್ತು, ಅದಕ್ಕ ಸಾಲು ಕಾಣತು.”

“ಮತ್ತ ನಮ್ಮಪ್ಪಗ?”

“ನಿಮ್ಮಪ್ಪ ತಿಂಗಳಾ ಕೇಳಲಿಲ್ಲ.”

ಕಾಕು ಮೆಟ್ಟಿಲು ಇಳಿಯತೊಡಗಿದರು. ಕಾಕಾ ಪೊದೆಯಿಂದ ಹೊರಗೆ ಬರುವಾಗ ಕಳ್ಳಿಯ ಒಂದು ತುಂಡು ಅವರ ಪ್ಯಾಂಟಿಗೆ ಅಂಟಿಕೊಂಡಿತು. ನಾನು ಕೈಗವಸು ಹಾಕಿ ಬಿಡಿಸಿದೆ. ಎಸೆಯಲು ಹೋದಾಗ ಕಾಕು ಮತ್ತೆ ಮೇಲೆ ಹತ್ತಿ ಬಂದು ಅದನ್ನು ಕೈಗವಸಿನ ಸಮೇತ ಇಸಿದುಕೊಂಡು, ಸಾಲಿನ ಕೊನೆಯಲ್ಲಿ ಮಣ್ಣಿಗೆ ಊರಿ, ಬುಡಕ್ಕೆ ಒಂದು ಕಲ್ಲು ಒತ್ತರಿಸಿಟ್ಟರು. ಈಗ ಎಂಟು. ನನ್ನ ಪಟ್ಟಿಯಲ್ಲಿ ‘ನೆಟ್ಟದ್ದು’ ಎಂಬ ಕಲಮಿನಲ್ಲಿದೆ.

ಕಾರಿನಲ್ಲಿ ಅವರು ಬುತ್ತಿ ಬಿಚ್ಚಲಿಲ್ಲ. ಕಾಕಾ ಎರಡು ಸಲ ರೊಟ್ಟಿ ಕೇಳಿದರೂ ಕೊಡಲಿಲ್ಲ. ರೈನ್ ನದಿಯ ದೊಡ್ಡ ಸೇತುವೆ ಬಂತು. ನಡು ಸೇತುವೆಯ ಮೇಲೆ ಹಿಂದಿನ ಸೀಟಿನಿಂದ, “ತಿಂಗಳಾ ಕೇಳಲಿಲ್ಲಂತ” ಎಂದು ಕೇಳಿಸಿತು. ಕನ್ನಡಿಯಲ್ಲಿ ನೋಡಿದೆ. ಕಾಕು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಮನೆ ಮುಟ್ಟುವವರೆಗೂ ಸ್ವಲ್ಪ ಹೊತ್ತಿಗೊಮ್ಮೆ ಅದೇ ನಗು ಎದ್ದು ಬರುತ್ತಿತ್ತು. ರೊಟ್ಟಿಯೂ ಬಂತು.

ಅಕ್ಟೋಬರಿನಲ್ಲಿ ಡಾಕ್ಟರ ಹತ್ತಿರ ನಾನೂ ಹೋಗಿದ್ದೆ. ಕಾಕು ಫೋಟೋಗಳನ್ನು ಮೇಜಿನ ಮೇಲೆ ಇಟ್ಟು, ತಮ್ಮ ನಿಧಾನದ, ತಪ್ಪಿಲ್ಲದ ಜರ್ಮನ್‌ನಲ್ಲಿ ಹೇಳಿದರು: ಮಾರ್ಚ್‌ನಲ್ಲಿ ನೀವು ಕೇಳಿದಿರಿ, ನಾನು ಉತ್ತರ ಕೊಡಲಿಲ್ಲ. ಅದು ನಿಜ. ಡಾಕ್ಟರು ಒಂದೊಂದಾಗಿ ಎಲ್ಲ ನೋಡಿದರು. ಬಹಳ ಸಂತೋಷಪಟ್ಟರು. ಆದರೆ ರೋಗ ಇರುವುದು ಹೌದು ಎಂದರು. ಹಳೆಯದು ಬಹಳ ಕಾಲ ಉಳಿಯಬಹುದು, ಹೊಸದು ನಿಲ್ಲುವುದಿಲ್ಲ, ಇದು ಹೀಗೆಯೇ ಹೋಗುತ್ತದೆ. ಹೊರಗೆ ಬಂದಾಗ ನನಗೆ ಅಳು ಬಂದಿತ್ತು. ಕಳ್ಳಿ ಸಿಕ್ಕರೆ ಏನೋ ಬದಲಾಗುತ್ತದೆ ಎಂದು ನಾನು ಒಳಗೊಳಗೇ ನಂಬಿದ್ದೆ. ಕಾಕು ಹಾಗೆ ನಂಬಿರಲಿಲ್ಲ. ಇರೂದು ಯಾವುದು ಅಂತ ಗೊತ್ತಾತಲ್ಲ, ಅದನ್ನ ಹಿಡಕೊಂಡು ಹೋಗೂದು, ಎಂದು ಕಾಕಾನ ಕೋಟಿನ ಗುಂಡಿ ಹಾಕಿದರು.

ಜನವರಿ ಕೊನೆಗೆ ಹಿಮ ಬಿತ್ತು. ಕಾಕು ಕಿಟಕಿ ಹತ್ತಿರ ನಿಂತರು. ಈ ಸಲ ನೀರು ಹಾಕಿ ಬರ್ರಿ ಎನ್ನಲಿಲ್ಲ. ಹೋಗೂಣು ನಡೀರಿ ಎಂದರು. ಫೆಬ್ರುವರಿ ಒಂದು, ಭಾನುವಾರ, ನಾವು ಕೊನೆಯ ಸಲ ಹೋದೆವು. ಮೆಟ್ಟಿಲ ಮೇಲೆ ಹಿಮ ಗಟ್ಟಿಯಾಗಿತ್ತು. ಅರ್ಧ ಗಂಟೆಯ ದಾರಿಗೆ ಒಂದೂವರೆ ಗಂಟೆ ಹಿಡಿಯಿತು. ಗೋಡೆಯ ಬುಡದಲ್ಲಿ ಗಾಳಿ ಹಿಮವನ್ನು ಸರಿಸಿತ್ತು, ಕಾಕಾ ಹೇಳಿದ ಹಾಗೆಯೇ. ಸೆಪ್ಟೆಂಬರಿನಲ್ಲಿ ಎದ್ದು ನಿಂತಿದ್ದ ಕಳ್ಳಿ ನೆಲಕ್ಕೆ ಒರಗಿತ್ತು. ಎಲೆಗಳು ಸುಕ್ಕುಗಟ್ಟಿ, ಬದನೆಕಾಯಿ ಬಣ್ಣಕ್ಕೆ ತಿರುಗಿ, ಒಂದರ ಮೇಲೊಂದು ಬಿದ್ದಿದ್ದವು. ಚಳಿಗೆ ಒಡೆಯಬಾರದೆಂದು ಅದು ತನ್ನೊಳಗಿನ ನೀರನ್ನು ತಾನೇ ಇಳಿಸಿಕೊಳ್ಳುತ್ತದೆ ಎಂದು ನಾನು ಓದಿದ್ದೆ. ಅದನ್ನು ಹೇಳಿದೆ.

ಕಾಕು ಹಿಮದಲ್ಲಿ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು.

“ನಾನೂ ಮೊದಲನೇ ವರ್ಷ ಹಿಂಗ ಬಿದ್ಕೊಂಡಿದ್ದೆ” ಎಂದರು.

“ಆಮ್ಯಾಲೆ?” ಎಂದರು ಕಾಕಾ. ಅವರು ತಮಾಷೆಗೆ ಕೇಳಿದರೋ, ನಿಜವಾಗಿ ಮರೆತು ಕೇಳಿದರೋ, ನನಗೆ ಈಗಲೂ ಗೊತ್ತಿಲ್ಲ.

“ಆಮ್ಯಾಲೆ ಏನು. ಎದ್ದೆ.”

ಕಾಕಾ ಕೈ ಚಾಚಿದರು. ಅದನ್ನು ಹಿಡಿದು ಕಾಕು ಎದ್ದರು.

ಮಾರ್ಚ್ ಕೊನೆಗೆ ಅವರಿಬ್ಬರೂ ಹ್ಯಾಂಬರ್ಗ್‌ಗೆ ಹೋದರು. ನಾನು ಕಳೆದ ಭಾನುವಾರ ಒಬ್ಬಳೇ ನಾಹೆ ದಂಡೆಗೆ ಹೋಗಿ ಬಂದೆ. ಏಳೂ ಬುಡ ಎದ್ದು ನಿಂತಿವೆ. ಎಂಟನೆಯದು ಇನ್ನೂ ಓರೆಯಾಗಿದೆ, ಆದರೆ ಹಸಿರಾಗಿದೆ.

ಒಂದು ವಿಷಯ ಮಾತ್ರ ಪಟ್ಟಿಯಲ್ಲಿ ಖಾಲಿ ಉಳಿದಿದೆ: ಆ ಗೋಡೆಯ ಬುಡಕ್ಕೆ ಮೊದಲ ಕಳ್ಳಿ ಊರಿದವರು ಯಾರು, ಎಲ್ಲಿಂದ ತಂದರು. ನಾಹೆ ಕಣಿವೆಯಲ್ಲಿ ಹಿಂದೆ ಕೆಲಸ ಮಾಡಿದ ಕನ್ನಡದವರು, ಅಲ್ಲಿನ ಹಳಬರ ಪರಿಚಯ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಗೊತ್ತಿದ್ದಷ್ಟನ್ನು ಈ ಪತ್ರಿಕೆಯ ವಿಳಾಸಕ್ಕೆ ಬರೆದು ತಿಳಿಸಿ. ಕಾಕಾ ಪ್ರತಿ ಭಾನುವಾರ ಫೋನಿನಲ್ಲಿ, ಅದನ್ನ ಹಚ್ಚಿದವರು ಯಾರಂತ ತಿಳೀತೇನವಾ, ಎಂದು ಕೇಳುತ್ತಾರೆ. ಉತ್ತರ ಸಿಕ್ಕರೂ ಮುಂದಿನ ಭಾನುವಾರ ಮತ್ತೆ ಕೇಳುತ್ತಾರೆ. ಪರವಾಗಿಲ್ಲ, ಪ್ರತಿ ಭಾನುವಾರವೂ ಹೊಸದಾಗಿ ಹೇಳುತ್ತೇನೆ.